ಮಂಗಳೂರು ಸೆಂಟ್ರಲ್: ನಮ್ಮೂರ ಸ್ಟೇಷನ್ ಬೆಂಗಳೂರಿಗೆ ಬೆನ್ನು ಹಾಕಿ ಕೂತದ್ದು ಯಾಕೆ?

ಅತ್ತಾವರದ_ಅಳಿಯ
ಮೊನ್ನೆ ಬೆಳಿಗ್ಗೆ ಅಪ್ಪನನ್ನು ಕರ್ಕೊಂಡು ಬರ್ಲಿಕ್ಕೆ ಸೆಂಟ್ರಲ್‌ಗೆ ಹೋಗಿ ಮುಕ್ಕಾಲು ಗಂಟೆ ಕಾದೆ. ಅವರು ನೋಡಿದ್ರೆ ಮಂಗಳೂರು ಜಂಕ್ಷನ್‌ನಲ್ಲಿ ಇಳಿದು, ಬೆಂಚಿನ ಮೇಲೆ ಕೂತು ನನಗೆ ಕಾಯ್ತಾ ಇದ್ದಾರೆ. ಟಿಕೆಟ್‌ನಲ್ಲಿ "ಮಂಗಳೂರು" ಅಂತ ಓದಿ ಮುಂದಿನ ಶಬ್ದ ಓದದ್ದು ನನ್ನದೇ ತಪ್ಪು, ಒಪ್ಪಿದೆ. ಆದ್ರೆ ಅವತ್ತಿಂದ ತಲೆಯಲ್ಲಿ ಒಂದೇ ಹುಳ. ಊರಿನ ನಡುವೆ ಇರುವ ಸ್ಟೇಷನ್ ಬಿಟ್ಟು ಇಷ್ಟು ಗಾಡಿಗಳು ಐದಾರು ಕಿಲೋಮೀಟರ್ ಆಚೆ ಯಾಕೆ ನಿಲ್ತವೆ? ಸೆಂಟ್ರಲ್ ಒಂದು ಮೂಲೆಯಲ್ಲಿ ಕುರುಡು ಗಲ್ಲಿ ಹಾಗೆ ಯಾಕುಂಟು? ಮತ್ತೆ ಕರ್ನಾಟಕದ ಸ್ಟೇಷನ್ ಕೇರಳದ ಪಾಲಕ್ಕಾಡ್ ರೈಲ್ವೆ ವಿಭಾಗಕ್ಕೆ ಸೇರಿದ್ದು ಹೇಗೆ? ಹಳೇ ಕಥೆ ಗೊತ್ತಿದ್ದವರು ಹೇಳಿ ಮಾರಾಯ್ರೆ.

ಹಂಪನಕಟ್ಟೆ_ಹೈದ
ಹಂಚು! ಬ್ರಿಟಿಷರು ಹಂಚು ಸಾಗಿಸ್ಲಿಕ್ಕೆ ರೈಲು ತಂದದ್ದು. ಅಷ್ಟೇ ವಿಷಯ.

ಹಳೇ_ಟಿಕೇಟು
ಹಂಚಿನ ಕಥೆ ಎಲ್ಲರೂ ಹೇಳುತ್ತಾರೆ, ವರ್ಷ ಕೂಡಿಸಿ ನೋಡುವವರು ಕಡಿಮೆ. ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನಡುವಿನ 42 ವರ್ಷ ಹಂಚು ಮನೆಯಲ್ಲಿ ಕೂತಿರಲಿಲ್ಲ, ಬಂದರಿನಿಂದ ಹಡಗು ಹತ್ತುತ್ತಿತ್ತು. ಅಷ್ಟು ಭಾರದ ಸಾಮಾನಿಗೆ ನೀರಿನ ದಾರಿಯೇ ಅಗ್ಗ. ರೈಲು ಬಂದ ಮೇಲೆ ಹಂಚಿಗೂ ಅನುಕೂಲ ಆಗಿರಬಹುದು, ಆದರೆ ರೈಲು ಹಂಚಿಗಾಗಿ ಬಂದದ್ದಲ್ಲ.

ಅತ್ತಾವರದವರೇ, ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಒಂದೇ. ರೈಲು ನಮಗೆ ತೆಂಕಿನಿಂದ ಬಂತು. ನಾವು ಪೂರ್ವದ ಕಡೆ ಮುಖ ಮಾಡಿ ಘಟ್ಟವನ್ನೇ ನೋಡುತ್ತಾ ನಿಂತಿದ್ದೆವು, ಅದು ಮಲಬಾರಿನಿಂದ ಕರಾವಳಿ ಹಿಡಿದು ತೆವಳಿಕೊಂಡು ಬಂತು.

1861ರಲ್ಲಿ ಮದ್ರಾಸ್ ರೈಲ್ವೆಯವರು ತಿರೂರಿನಿಂದ ಬೇಪೂರಿನ ತನಕ ಗಾಡಿ ಓಡಿಸಿದರು. ಮರುವರ್ಷದ ಹೊತ್ತಿಗೆ ಅತ್ತ ಮದ್ರಾಸಿನ ತನಕ ದಾರಿ ಕೂಡಿತು. ಅಲ್ಲಿಂದ ಬಡಗಿಗೆ ಮಾತ್ರ ಆಮೆಯ ನಡೆ. ಕೋಝಿಕ್ಕೋಡು ಮುಟ್ಟಿದ್ದು 1888ರಲ್ಲಿ. ಆಮೇಲೆ ವಡಗರ, ತಲಶ್ಶೇರಿ, ಕಣ್ಣೂರು, ಕಾಞಂಗಾಡು, ಕುಂಬಳೆ. ಮಂಗಳೂರು ಕಟ್ಟಕಡೆಯದ್ದು. ಬೇಪೂರಿನಿಂದ ನಮ್ಮಲ್ಲಿಗೆ ಬರಲಿಕ್ಕೆ 46 ವರ್ಷ.

ಗಡಿನಾಡ_ಕನ್ನಡಿಗ
ಆಮೆ ನಡೆ ಯಾಕೆ ಅಂದ್ರೆ ಹೊಳೆಗಳು. ವಳಪಟ್ಟಣಂ ಹೊಳೆ ಉಂಟು, ನಮ್ಮ ಚಂದ್ರಗಿರಿ ಉಂಟು, ಕೊನೆಗೆ ನೇತ್ರಾವತಿ. ನಡುವೆ ಸಣ್ಣ ಅಳಿವೆಗಳು ಲೆಕ್ಕ ಇಲ್ಲ. ಒಂದೊಂದು ಹೊಳೆ ಬಂದಾಗ್ಲೂ ಹಳಿ ಈಚೆ ದಡದಲ್ಲಿ ನಿಂತು ಸೇತುವೆಗೆ ಕಾಯ್ಬೇಕು.

ಉಳ್ಳಾಲದ ಹತ್ತಿರ ನೇತ್ರಾವತಿಗೆ ರಸ್ತೆ ಸೇತುವೆ ಬಂದದ್ದು ಎಷ್ಟೋ ದಶಕದ ಮೇಲೆ. ಅಲ್ಲಿ ತನಕ ನಮ್ಮವರಿಗೆ ಮಂಗಳೂರಿಗೆ ಹೋಗ್ಲಿಕ್ಕೆ ಒಂದೋ ರೈಲು, ಇಲ್ಲ ದೋಣಿ. ನನ್ನ ಅಜ್ಜಿ ಕೊನೆ ತನಕ ಮಂಗಳೂರಿಗೆ ಹೋಗುವುದಕ್ಕೆ "ಸಂಕ ದಾಟುವುದು" ಅಂತಲೇ ಹೇಳ್ತಿದ್ರು.

ಬೆಂದಕಾಳೂರು_ಬಾಯ್
ಒಂದ್ ನಿಮಿಷ. ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದಿದ್ದು 1864ರಲ್ಲಿ. ನಿಮಗೆ 1907. ಅಂದ್ರೆ 43 ವರ್ಷ ಲೇಟು. ಆ ಕಾಲದಲ್ಲಿ ಬೆಂಗಳೂರಿಂದ ನೇರವಾಗಿ ಮಂಗಳೂರಿಗೆ ಎಳೆಯೋಣ ಅಂತ ಯಾರಿಗೂ ಹೊಳೀಲೇ ಇಲ್ವಾ? ಮೈಸೂರು ಸರ್ಕಾರಕ್ಕೆ ಒಂದು ಬಂದರು ಬೇಕಿತ್ತಲ್ಲ.

ಹಳೇ_ಟಿಕೇಟು
ಹೊಳೆದಿತ್ತು, ಹೊಳೆದಿತ್ತು. ಅರಸೀಕೆರೆ–ಮಂಗಳೂರು ರೈಲು ಅಂತ ಸ್ವಾತಂತ್ರ್ಯಕ್ಕೆ ಎಷ್ಟೋ ಮೊದಲೇ ಮಾತು ಇತ್ತು. ಆದರೆ ಸಕಲೇಶಪುರದ ತನಕ ಮೈಸೂರು ಸಂಸ್ಥಾನ, ಘಟ್ಟ ಇಳಿದರೆ ಮದ್ರಾಸ್ ಪ್ರೆಸಿಡೆನ್ಸಿ. ಖರ್ಚಿನ ಪಾಲೆಲ್ಲ ಘಟ್ಟದ ಮೇಲೆ ಬೀಳುವುದು, ಲಾಭ ಕೆಳಗಿನವರಿಗೆ. ಎರಡು ಸರ್ಕಾರದ ನಡುವೆ ಇಂಥ ಘಟ್ಟ ಇದ್ದರೆ ಯಾರು ಮೊದಲು ಗುದ್ದಲಿ ಹಿಡಿಯುತ್ತಾರೆ ಹೇಳಿ?

ನಮ್ಮ ಜಿಲ್ಲೆಗೆ ಆಗ ಎಲ್ಲವೂ ಮದ್ರಾಸೇ. ಹೈಕೋರ್ಟು ಮದ್ರಾಸು, ಯೂನಿವರ್ಸಿಟಿ ಮದ್ರಾಸು. ರೈಲು ಮದ್ರಾಸಿನ ಕಡೆಯಿಂದ ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ. ಸ್ಟೇಷನ್ ಬೆಂಗಳೂರಿಗೆ ಬೆನ್ನು ಹಾಕಿದ್ದಲ್ಲ, ಆಗ ನಮ್ಮ ರಾಜಧಾನಿ ಬೆಂಗಳೂರು ಆಗಿರಲೇ ಇಲ್ಲ.

ಬೆಂದಕಾಳೂರು_ಬಾಯ್
ಈ ಆ್ಯಂಗಲ್ ನಾನು ಯೋಚ್ನೆ ಮಾಡಿರ್ಲಿಲ್ಲ ಗುರುಗಳೇ.

ಬಯಲುಸೀಮೆ_ಬಸ್ಯಾ
ನಮ್ ಹುಬ್ಬಳ್ಳಿ ಕಡೆಯವ್ರು ಮಂಗಳೂರಿಗೆ ರೈಲು ಹತ್ತೂದಂದ್ರ ನಗಿ ಬರ್ತದ್ರಿ. ಮ್ಯಾಲಿಂದ ಕೆಳಗ ಇಳಿಯೂದು ಒಂದ್ ತಾಸಿನ ಮಾತಲ್ಲ. ವಿಜಯಪುರ ಗಾಡಿ ಬಿಟ್ಟಾಗ ಅದೂ ಮೊದಲ ಜಂಕ್ಷನ್ ತನಕ ಅಷ್ಟ. ಸೆಂಟ್ರಲ್ ಅಂದ್ರ ಅದೇನ್ ರಾಜರ ಅರಮನಿ ಏನ್ರಿ, ನಮ್ ಗಾಡಿ ಒಳಗ ಬಿಡಾಕ ಅಷ್ಟ್ ದಿನ ಬೇಕಾತು?

ಅತ್ತಾವರದ_ಅಳಿಯ
ಬಸಣ್ಣ, ಅದೇ ನನ್ನ ಪ್ರಶ್ನೆಯೂ. ಒಳಗೆ ಬಿಡ್ಲಿಕ್ಕೆ ಎಂತ ಕಷ್ಟ?

ಸಿಗ್ನಲ್_ಸುಬ್ಬಣ್ಣ
ನಕ್ಷೆ ಕಣ್ಣ ಮುಂದೆ ಇಟ್ಕೊಳ್ಳಿ, ಹೇಳ್ತೇನೆ. ಕಾಸರಗೋಡಿಂದ ಬರುವ ಗಾಡಿ ಉಳ್ಳಾಲ ಕಳೆದು ನೇತ್ರಾವತಿ ದಾಟ್ತದೆ. ದಾಟಿದ ಕೂಡ್ಲೆ ನೇತ್ರಾವತಿ ಕ್ಯಾಬಿನ್, ಅಂದ್ರೆ ಸಿಗ್ನಲ್ ಮನೆ. ಅಲ್ಲಿ ಹಳಿ ಕವಲು. ಒಂದು ಕವಲು ಊರೊಳಗೆ ಸೆಂಟ್ರಲ್‌ಗೆ, ಇನ್ನೊಂದು ಜಂಕ್ಷನ್ ಕಡೆಗೆ. ಜಂಕ್ಷನ್ ಕಳೆದು ಪಡೀಲಿನಲ್ಲಿ ಮತ್ತೆ ಕವಲು: ಬಲಕ್ಕೆ ಬಂಟ್ವಾಳ, ಪುತ್ತೂರು, ಹಾಸನ. ಹಾಗೇ ಮುಂದೆ ಹೋದ್ರೆ ಜೋಕಟ್ಟೆ, ತೋಕೂರು. ತೋಕೂರಿಂದ ಆಚೆ ಕೊಂಕಣ ರೈಲ್ವೆ.

ಈಗ ಕೇರಳದಿಂದ ಮುಂಬೈಗೆ ಹೋಗುವ ಗಾಡಿ ಸೆಂಟ್ರಲ್‌ಗೆ ಹೊಕ್ಕರೆ ಬಂದ ದಾರಿಯಲ್ಲೇ ವಾಪಸ್ ಬರ್ಬೇಕು. ಎಂಜಿನ್ ಕಳಚಿ, ಸುತ್ತು ಹಾಕಿಸಿ, ಈಚೆ ತುದಿಗೆ ಜೋಡಿಸ್ಬೇಕು. ಅಷ್ಟು ಹೊತ್ತು ಒಂದು ಪ್ಲಾಟ್‌ಫಾರಂ ಹಿಡಿದು ಕೂತಿರ್ತದೆ. ಬಹಳ ವರ್ಷ ಅಲ್ಲಿ ಪ್ಲಾಟ್‌ಫಾರಂ ಇದ್ದದ್ದೇ ಮೂರು, ನಾಲ್ಕು ಮತ್ತು ಐದು ಬಂದದ್ದು ಈಗೀಗ. ಕ್ಯಾಬಿನ್‌ನಿಂದ ಸೆಂಟ್ರಲ್ ತನಕದ ಚೂರು ದಾರಿಯೂ ಮೊನ್ನೆ ಮೊನ್ನೆ ತನಕ ಒಂಟಿ ಹಳಿ. ಒಂದು ಗಾಡಿ ಹೊರಡುವ ತನಕ ಇನ್ನೊಂದು ಹೊಳೆ ಬದಿಯಲ್ಲಿ ತಪಸ್ಸು. ಹಾಗಾಗಿ ಮುಂದೆ ಹೋಗುವ ಗಾಡಿಗಳು ಜಂಕ್ಷನ್ ಮೂಲಕವೇ ಹೋಗ್ತವೆ.

ಬೆಂಗಳೂರು–ಕಣ್ಣೂರು ರಾತ್ರಿ ಗಾಡಿ ಮಾತ್ರ ಸೆಂಟ್ರಲ್‌ಗೆ ಬಂದು ತಿರುಗಿ ಹೋಗ್ತದೆ. ನಿದ್ದೆಯಲ್ಲಿದ್ದವರು ಎದ್ದು "ಗಾಡಿ ಹಿಂದೆ ಹೋಗ್ತಾ ಉಂಟಲ್ಲ" ಅಂತ ಹೆದರುವುದು ಅದ್ರಲ್ಲೇ.

ಕುಡ್ಲ_ಕೋರಿರೊಟ್ಟಿ
ತಮಾಷೆ ನೋಡಿ. "ನೇತ್ರಾವತಿ ಎಕ್ಸ್‌ಪ್ರೆಸ್" ಅಂತ ನಮ್ಮ ಹೊಳೆ ಹೆಸರಿಟ್ಟ ಗಾಡಿ ಸೆಂಟ್ರಲ್‌ಗೆ ಬರುವುದೇ ಇಲ್ಲ 😂 ಹೊಳೆ ದಾಟಿ ಜಂಕ್ಷನ್‌ನಲ್ಲಿ ನಿಂತು ಹೋಗ್ತದೆ. ಮದುವೆ ಕಾಗದದಲ್ಲಿ ಹೆಸರುಂಟು, ಊಟಕ್ಕೆ ಎಲೆ ಇಲ್ಲ.

ಹಂಪನಕಟ್ಟೆ_ಹೈದ
ಮತ್ಸ್ಯಗಂಧ ಸೆಂಟ್ರಲ್‌ಗೆ ಬರ್ತದಲ್ಲ, ಅದರಲ್ಲಿ ಸಮಾಧಾನ ಮಾಡ್ಕೊಳ್ಳಿ.

ಪಾಂಡೇಶ್ವರ_ಗೇಟು
ಸೆಂಟ್ರಲ್ ಕುರುಡು ಗಲ್ಲಿ ಅಂತ ಬರ್ದದ್ದಕ್ಕೆ ನನ್ನ ತಕರಾರು ಉಂಟು. ಪ್ರಯಾಣಿಕರ ಗಾಡಿಗೆ ಅದು ಕೊನೆ, ಹಳಿಗೆ ಅಲ್ಲ. ಹಳಿ ಪಾಂಡೇಶ್ವರ ದಾಟಿ ಬಂದರಿನ ಗೂಡ್ಸ್ ಶೆಡ್ ತನಕ ಹೋಗ್ತದೆ. ಒಂದು ಬದಿಯಲ್ಲಿ ಹಡಗು, ಇನ್ನೊಂದು ಬದಿಯಲ್ಲಿ ವ್ಯಾಗನ್, ಅದೇ ಅಲ್ವಾ ಲೆಕ್ಕಾಚಾರ! ಸ್ಟೇಷನ್ ಹಂಪನಕಟ್ಟೆಗೂ ಬಂದರಿಗೂ ನಡುವೆ ಕೂತದ್ದು ಸುಮ್ಮನೆ ಅಲ್ಲ. ಆಗಿನ ಮಂಗಳೂರು ಅಂದ್ರೆ ಅಷ್ಟೇ ಜಾಗ. ಪಣಂಬೂರಿನ ಹೊಸ ಬಂದರು 1970ರ ದಶಕದಲ್ಲಿ ಶುರುವಾಯ್ತು, ದೊಡ್ಡ ಹಡಗೆಲ್ಲ ಅತ್ತ ಹೋದವು, ಈ ಹಳಿಯ ಗತ್ತೂ ಇಳಿಯಿತು.

ನನ್ನ ಹೆಸರು ನೋಡಿ ಗೊತ್ತಾಗಿರ್ಬೇಕು, ನಾನು ಅರ್ಧ ಆಯುಷ್ಯ ಆ ಗೇಟಿನ ಎದುರು ಸ್ಕೂಟರ್ ಆಫ್ ಮಾಡಿ ಕಳೆದವ. ಎಂಜಿನ್ ಹಿಂದೆ ಮುಂದೆ ಹೋಗಿ ಬೋಗಿ ಜೋಡಿಸುವುದನ್ನು ನೋಡಿ ನೋಡಿ ಶಂಟಿಂಗ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು.

ಹಳೇ_ಟಿಕೇಟು
ಪಾಂಡೇಶ್ವರದವರು ಹೇಳಿದ್ದು ಸರಿ. ನಾನೂ ಅದನ್ನು ಹೇಳಬೇಕಿತ್ತು.

ಜೈ_ಕರುನಾಡು_1973
ಇತಿಹಾಸ ಎಲ್ಲ ಚೆನ್ನಾಗಿದೆ. ಮೂಲ ವಿಷಯಕ್ಕೆ ಬನ್ನಿ. ಕರ್ನಾಟಕದ ನೆಲದಲ್ಲಿರುವ ಸ್ಟೇಷನ್ನನ್ನು ಕೇರಳದವರು ಕಿತ್ಕೊಂಡು ಕೂತಿದ್ದಾರೆ. ಇದಕ್ಕೆ ಉತ್ತರ ಕೊಡಿ.

ಗಡಿನಾಡ_ಕನ್ನಡಿಗ
ಕಿತ್ಕೊಂಡದ್ದು ಯಾರೂ ಅಲ್ಲ ಅಣ್ಣಾ. 1907ರಲ್ಲಿ ಹಳಿ ಮುಗಿದಾಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. ಮಲಬಾರೂ ನಾವೂ ಒಂದೇ ಪ್ರೆಸಿಡೆನ್ಸಿ. ಗಡಿ ಇರ್ಲೇ ಇಲ್ಲ. 1956ರಲ್ಲಿ ರಾಜ್ಯ ಮಾಡುವವರು ಗೆರೆ ಎಳೆದ್ರು, ಹಳಿಗೆ ಗೆರೆ ಕಾಣ್ತದಾ? ಗೆರೆಯಿಂದ ನಿಜವಾಗಿ ಕಳ್ಕೊಂಡವರು ನಾವು ಕಾಸರಗೋಡಿನವರು. ಸ್ಟೇಷನ್ ನಿಮ್ಮಲ್ಲೇ ಉಂಟು, ನಾವೇ ಆಚೆ ಉಳಿದದ್ದು.

ಹಳೇ_ಟಿಕೇಟು
ಸ್ವಲ್ಪ ಕ್ರಮವಾಗಿ ಹೇಳುತ್ತೇನೆ, ಇಲ್ಲಿ ತುಂಬಾ ಜನ ತಪ್ಪು ತಿಳಿದಿದ್ದಾರೆ. ಹಳಿ ಹಾಕಿದ್ದು ಮದ್ರಾಸ್ ರೈಲ್ವೆ. ಮರುವರ್ಷವೇ, 1908ರಲ್ಲಿ, ಆ ಕಂಪನಿ ಸದರ್ನ್ ಮರಾಠಾ ರೈಲ್ವೆ ಜೊತೆ ಸೇರಿ ಹೊಸ ಕಂಪನಿ ಆಯಿತು. ಆದರೆ ಜೋಲಾರಪೇಟೆಯಿಂದ ಮಂಗಳೂರಿನ ತನಕದ ದಾರಿಯನ್ನು ಕತ್ತರಿಸಿ ಸೌತ್ ಇಂಡಿಯನ್ ರೈಲ್ವೆಗೆ ಕೊಟ್ಟರು, ಅವರ ಮುಖ್ಯ ಕಚೇರಿ ತಿರುಚಿನಾಪಳ್ಳಿ. 1951ರ ಏಪ್ರಿಲ್ 14ಕ್ಕೆ ಆ ಎರಡು ಕಂಪನಿ ಮತ್ತು ಮೈಸೂರು ಸಂಸ್ಥಾನದ ರೈಲ್ವೆ ಮೂರೂ ಕೂಡಿ ದಕ್ಷಿಣ ರೈಲ್ವೆ ಆಯಿತು. 1956ರಲ್ಲಿ ಒಲವಕ್ಕೋಡು ವಿಭಾಗ, ಅಂದರೆ ಈಗಿನ ಪಾಲಕ್ಕಾಡ್. ಮಂಗಳೂರು ಅದರ ಬಾಲದ ತುದಿ.

ಆಗ ಮಂಗಳೂರಿನಿಂದ ಬೇರೆ ಯಾವ ದಿಕ್ಕಿಗೂ ಹಳಿ ಇಲ್ಲ. ಮೈಸೂರಿಗೆ ಸೇರಿಸಬೇಕಿತ್ತು ಅಂದರೆ ಯಾವ ಹಳಿಯ ಮೇಲೆ ಸೇರಿಸುವುದು? ಹಾಸನದಿಂದ ಮೊದಲ ಗಾಡಿ ಇಳಿದದ್ದೇ 1979ರಲ್ಲಿ.

ಜೈ_ಕರುನಾಡು_1973
1956ಕ್ಕೆ ಸರಿ ಸರ್. 2003ಕ್ಕೆ ನೈಋತ್ಯ ರೈಲ್ವೆ ಹುಬ್ಬಳ್ಳಿಯಲ್ಲಿ ಶುರುವಾದಾಗ? ಆಗ ಹಾಸನದ ಹಳಿ ಇತ್ತಲ್ಲ. ಆಗ ಯಾಕೆ ಬಿಟ್ಟರು?

ಹಳೇ_ಟಿಕೇಟು
ಆ ಪ್ರಶ್ನೆ ನ್ಯಾಯದ್ದು. ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಹಾಸನದ ಹಳಿ ಮೈಸೂರು ವಿಭಾಗಕ್ಕೆ ಸೇರಿತು, ಅದು ಬಂದು ಮುಟ್ಟುವ ಸ್ಟೇಷನ್ ಮಾತ್ರ ಅಲ್ಲೇ ಉಳಿಯಿತು.

ಕುಡ್ಲ_ಕೋರಿರೊಟ್ಟಿ
ಸೆಂಟ್ರಲ್ ಪಾಲಕ್ಕಾಡಿಗೆ, ಪಡೀಲ್ ಕಳೆದ್ರೆ ಮೈಸೂರಿಗೆ, ತೋಕೂರು ಕಳೆದ್ರೆ ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇರುವ ಬೇಲಾಪುರಕ್ಕೆ. ಒಂದೂರಿಗೆ ಮೂರು ಅತ್ತೆಯಂದಿರು. ಸೊಸೆ ಯಾರ ಹತ್ರ ಕೇಳಿ ಅಕ್ಕಿ ಅಳೆಯುವುದು?

ಸಿಗ್ನಲ್_ಸುಬ್ಬಣ್ಣ
ದುಡ್ಡಿನ ವಿಷಯ ಯಾರೂ ಎತ್ತಿಲ್ಲ. 2007ರಲ್ಲಿ ಸೇಲಂ ವಿಭಾಗ ಮಾಡಿದಾಗ ಕೊಯಮತ್ತೂರಿನಂಥ ಫಲವತ್ತಾದ ಭಾಗ ಪಾಲಕ್ಕಾಡಿನ ಕೈ ಬಿಟ್ಟಿತು. ಅದಾದ್ಮೇಲೆ ಪಣಂಬೂರಿನ ಸರಕು ಇರುವ ಈ ತುದಿಯನ್ನೂ ಬಿಟ್ಟುಕೊಡಿ ಅಂದ್ರೆ ಯಾರು ಬಿಡ್ತಾರೆ? ನಾನಾದ್ರೂ ಬಿಡ್ಲಿಕ್ಕಿಲ್ಲ. ಭಾಷೆ, ನೆಲ ಅಂತ ಕೂಗಿ ಪ್ರಯೋಜನ ಇಲ್ಲ, ಲೆಕ್ಕದ ಪುಸ್ತಕ ತೆಗೆದು ಮಾತಾಡ್ಬೇಕು.

ಬೆಂದಕಾಳೂರು_ಬಾಯ್
ಇಷ್ಟು ವರ್ಷದಲ್ಲಿ ಕರಾವಳಿಯವರೇ ಮೂವರು ರೈಲ್ವೆ ಮಂತ್ರಿ ಆಗಿದ್ರಲ್ಲ? ಟಿ.ಎ. ಪೈ, ಜಾರ್ಜ್ ಫರ್ನಾಂಡಿಸ್, ಡಿ.ವಿ. ಸದಾನಂದ ಗೌಡ. ಅವರೇನ್ ಮಾಡಿದ್ರು?

ಕುಡ್ಲ_ಕೋರಿರೊಟ್ಟಿ
ಎಂತ ಮಾಡಿದ್ದು ಅಂತ ಕೇಳ್ತೀರಾ! ಜಾರ್ಜ್ ಮಂತ್ರಿ ಆಗಿದ್ದು 1989ರ ಕೊನೆಯಿಂದ ಒಂದು ವರ್ಷದ ಆಸುಪಾಸು. ಅಷ್ಟರಲ್ಲೇ ಕೊಂಕಣ ರೈಲ್ವೆ ಕಾರ್ಪೊರೇಷನ್ ಆಯ್ತು, 1990ರ ಜುಲೈ. ಎಂಜಿನಿಯರ್ ಇ. ಶ್ರೀಧರನ್ ಅವರನ್ನು ತಂದು ಕೂರಿಸಿದ್ರು. 1993ರ ಮಾರ್ಚ್‌ಗೆ ಉಡುಪಿ ತನಕ ಗಾಡಿ ಓಡಿತು, 1998ರ ಜನವರಿ 26ಕ್ಕೆ ಪೂರ್ತಿ ದಾರಿ. ರೋಹಾದಿಂದ ಇಲ್ಲಿಗೆ 741 ಕಿಲೋಮೀಟರ್, ಎಂಟು ವರ್ಷದೊಳಗೆ. ಬೇಪೂರಿಂದ ಬರ್ಲಿಕ್ಕೆ 46 ವರ್ಷ ತೆಗೆದುಕೊಂಡದ್ದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಹಾಸನದ ಹಳಿಯೂ ಬರುವ ಮೊದಲು ನಮ್ಮವರು ಬೊಂಬಾಯಿಗೆ ರೈಲಲ್ಲಿ ಹೋಗ್ಬೇಕಾದ್ರೆ ಕೇರಳ, ತಮಿಳುನಾಡು ಸುತ್ತಿ ಹೋಗ್ಬೇಕಿತ್ತು. ಮೂಗು ಹಿಡೀಲಿಕ್ಕೆ ತಲೆ ಸುತ್ತ ಕೈ ತಂದ ಹಾಗೆ. ನನ್ನ ದೊಡ್ಡಪ್ಪ ಒಂದೇ ಸಲ ಹಾಗೆ ಹೋದದ್ದಂತೆ, ಮತ್ತೆ ಜನ್ಮದಲ್ಲಿ ಬಸ್ಸು ಬಿಟ್ಟಿಲ್ಲ.

ಕಾಫಿತೋಟ_ಸಕಲೇಶಪುರ
ಎಲ್ಲರೂ ಕೆಳಗಿನ ಕಥೆಯೇ ಹೇಳ್ತಿದೀರ, ಘಟ್ಟದ ಕಥೆ ಸ್ವಲ್ಪ ಕೇಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 109 ಸೇತುವೆ. ಪ್ರತಿ 50 ಅಡಿ ಮುಂದೆ ಹೋದ್ರೆ ಒಂದಡಿ ಇಳಿಜಾರು. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು. ಹೆಸರು ಬರೆದ್ರೇ ನನಗೆ ಮಳೆ ವಾಸನೆ ಬರುತ್ತೆ.

ಮೀಟರ್ ಗೇಜ್, ಅಂದ್ರೆ ಕಿರಿದು ಹಳಿಯ ಕಾಲದಲ್ಲಿ ನಾನು ಹುಡುಗ. ಅಪ್ಪನ ಜೊತೆ ಮಂಗಳೂರಿಗೆ ಕಣ್ಣು ತೋರಿಸೋಕೆ ಹೋಗಿದ್ವಿ. ಸುರಂಗ ಬಂದಾಗೆಲ್ಲ ಬೋಗಿ ತುಂಬ "ಹೋ" ಅಂತ ಕೂಗು. ನಾನು ಎಣಿಸೋಕೆ ಶುರು ಮಾಡಿ ಮೂವತ್ತರ ಸುಮಾರಿಗೆ ನಿದ್ದೆ ಹೋದೆ. ಇವತ್ತಿಗೂ ಪೂರ್ತಿ ಎಣಿಸಿಲ್ಲ.

ಅಂಥ ದಾರೀನ 1996ರಲ್ಲಿ ಅಗಲ ಹಳಿಯ ಬ್ರಾಡ್ ಗೇಜ್ ಮಾಡ್ತೀವಿ ಅಂತ ಮುಚ್ಚಿದ್ರು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರ್ 8ಕ್ಕೆ. 11 ವರ್ಷ! 1979ರಲ್ಲಿ ಶುರುವಾದ ದಾರಿ 17 ವರ್ಷ ಓಡಿ 11 ವರ್ಷ ಮಲಗಿತು.

ಬೆಂದಕಾಳೂರು_ಬಾಯ್
ಆ ಹನ್ನೊಂದು ವರ್ಷದಲ್ಲೇ ಅಲ್ವಾ ನಮ್ಮ ಕಾಲೇಜ್ ಹುಡುಗ್ರೆಲ್ಲ "ಗ್ರೀನ್ ರೂಟ್ ಟ್ರೆಕ್" ಅಂತ ಹಳಿ ಮೇಲೆ ನಡ್ಕೊಂಡು ಹೋಗಿದ್ದು. ಯಡಕುಮರಿ ಸ್ಟೇಷನ್‌ನಲ್ಲಿ ರಾತ್ರಿ ಮಲಗಿದ್ದೀನಿ ನಾನು. ಜಿಗಣೆ ಕಚ್ಚಿದ ಗುರುತು ಇನ್ನೂ ಇದೆ.

ಸಿಗ್ನಲ್_ಸುಬ್ಬಣ್ಣ
ಈಗ ಹೋಗ್ಬೇಡಿ ದಯವಿಟ್ಟು. ಹಳಿ ಮೇಲೆ ನಡೆಯುವುದು ಅಪರಾಧ, ಸುರಂಗದೊಳಗೆ ಗಾಡಿ ಬಂದ್ರೆ ಸರಿದು ನಿಲ್ಲುವ ಜಾಗ ಎಷ್ಟು ಅಂತ ನೋಡಿದವರಿಗೆ ಗೊತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಹಳಿಯೇ ಕಾಣ್ತಿರ್ಲಿಲ್ಲ. ಆಸೆ ಇದ್ರೆ ಹಗಲು ಗಾಡಿಯ ವಿಸ್ಟಾಡೋಮ್ ಬೋಗಿಗೆ ಟಿಕೆಟ್ ತೆಗೀರಿ, 2021ರಿಂದ ಉಂಟು, ಗಾಜಿನ ಮಾಡು.

ಬಯಲುಸೀಮೆ_ಬಸ್ಯಾ
ಗಾಜಿನ ಮಾಡಿನ ಟಿಕೀಟಿನ ರೇಟ್ ಕೇಳಿದ್ರ ಕಣ್ಣಾಗ ಸುರಂಗ ಕಾಣ್ತಾವ್ರಿ.

ಸೀಸನ್_ಪಾಸ್
ನಾನು ಕುಂಬಳೆಯವಳು, ಎಂಟು ವರ್ಷದಿಂದ ದಿನಾ ಸೆಂಟ್ರಲ್‌ಗೆ ಬಂದು ಹೋಗ್ತೇನೆ. ನೀವು ವಿಭಾಗ, ಲೆಕ್ಕ ಎಲ್ಲ ಮಾತಾಡ್ತೀರಿ, ನಮ್ಮ ಬೋಗಿಯಲ್ಲಿ ಯಾರೂ ಅದನ್ನು ಮಾತಾಡುವುದಿಲ್ಲ. ಮಲಯಾಳ, ಕನ್ನಡ, ತುಳು, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಸೀಟಿನಲ್ಲಿ. ಆಸ್ಪತ್ರೆಗೆ ಹೋಗುವವರು, ಕಾಲೇಜಿನ ಮಕ್ಕಳು, ಅಂಗಡಿ ಕೆಲಸದವರು. ಮೀನಿನ ರೇಟು, ಮಕ್ಕಳ ಮಾರ್ಕು, ಗಾಡಿ ಎಷ್ಟು ಲೇಟು. ಇಷ್ಟೇ. ಸ್ಟೇಷನ್ ಯಾರದ್ದು ಅಂತ ಕೇಳಿದ್ರೆ ನಾನು ನಮ್ಮದು ಅಂತಲೇ ಹೇಳುವುದು, ಮನೆ ಕೇರಳದಲ್ಲಿ ಇದ್ರೂ.

ಜೈ_ಕರುನಾಡು_1973
ಅಕ್ಕ, ನಿಮ್ಮ ಮೇಲೆ ನನ್ನ ಸಿಟ್ಟಿಲ್ಲ. ಬೆಂಗಳೂರಿಗೆ ಇನ್ನೊಂದು ಗಾಡಿ ಕೇಳಿದಾಗ "ಪ್ಲಾಟ್‌ಫಾರಂ ಇಲ್ಲ" ಅನ್ನೋ ಮಾತು ಎಷ್ಟು ವರ್ಷ ಕೇಳೋದು ಅಂತ ನನ್ನ ಸಂಕಟ.

ಸೀಸನ್_ಪಾಸ್
ಅದು ಸರಿ. ನಮಗೂ ಸಂಜೆಗೆ ಇನ್ನೊಂದು ಗಾಡಿ ಬೇಕು. ಸೇರಿ ಕೇಳುವ.

ಪಾಂಡೇಶ್ವರ_ಗೇಟು
ಈಗ ಎರಡು ವಂದೇ ಭಾರತ್ ಸೆಂಟ್ರಲ್‌ನಿಂದ ಹೊರಡ್ತವೆ ಗೊತ್ತುಂಟಾ? ಒಂದು ಮಡಗಾಂವ್‌ಗೆ, 2023ರ ಡಿಸೆಂಬರ್ ಕೊನೆಯಲ್ಲಿ ಉದ್ಘಾಟನೆ ಆದದ್ದು. ಇನ್ನೊಂದು ತಿರುವನಂತಪುರಕ್ಕೆ. ಅದು ಮೊದಲು ಕಾಸರಗೋಡಿಂದ ಹೊರಡ್ತಿತ್ತು, 2024ರಲ್ಲಿ ಇಲ್ಲಿ ತನಕ ಎಳೆದ್ರು. ತೆಂಕಿಂದ ಬಂದದ್ದು ಮತ್ತೊಮ್ಮೆ ತೆಂಕಿಂದಲೇ ಬಂತು 🙂

ಕಾಫಿತೋಟ_ಸಕಲೇಶಪುರ
ಘಟ್ಟದ ಮೇಲಿನವರಿಗೆ ಮಾತ್ರ ಗಾಜಿನ ಮಾಡು.

ಅತ್ತಾವರದ_ಅಳಿಯ
ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿ ಕೇಳಿ, "ಅದಕ್ಕೇ ಅಲ್ವಾ ನಾವು ಅದನ್ನು ಕಂಕನಾಡಿ ಸ್ಟೇಷನ್ ಅಂತ ಹೇಳ್ತಿದ್ದದ್ದು, ಜಂಕ್ಷನ್ ಅಂತ ಹೆಸರು ಬದಲಿಸಿದ್ದೇ ಗೊಂದಲಕ್ಕೆ ಕಾರಣ" ಅಂದ್ರು. ತಪ್ಪು ನನ್ನದಲ್ಲ, ಹೆಸರಿನದ್ದು ಅಂತ ಆಯ್ತು.

ಕುಡ್ಲ_ಕೋರಿರೊಟ್ಟಿ
ಅಯ್ಯೋ ಆ ಹೆಸರೂ ಸಾಕಷ್ಟು ಕಾಟ ಕೊಟ್ಟಿದೆ. ಸ್ಟೇಷನ್ ಇರುವುದು ಪಡೀಲಿನ ಬದಿ, ಹೆಸರು ಕಂಕನಾಡಿ. ಹೊರಗಿನವರು ರಿಕ್ಷಾ ಹತ್ತಿ "ಕಂಕನಾಡಿ" ಅಂತ ಮಾತ್ರ ಹೇಳಿದ್ರೆ ಕಂಕನಾಡಿ ಸರ್ಕಲ್‌ನಲ್ಲಿ ಇಳಿಸಿ ಹೋಗ್ತಿದ್ರು. ಅಲ್ಲಿಂದ ಇನ್ನೊಂದು ರಿಕ್ಷಾ.

ಬಯಲುಸೀಮೆ_ಬಸ್ಯಾ
ಕಡೀಗೆ ಒಂದ್ ಹೇಳ್ರಿ. ಮುಂದಿನ ವಾರ ನಾನು ಬರಾಕತ್ತೀನಿ, ಸೆಂಟ್ರಲ್‌ನ್ಯಾಗ ಇಳೀತೀನಿ. ಹೊರಗ ಬಂದ್ರ ಮುಂಜಾನೆ ನಾಷ್ಟಾ ಏನ್ ಸಿಗ್ತೈತಿ?

ಹಂಪನಕಟ್ಟೆ_ಹೈದ
ಬನ್ಸ್, ಗೋಳಿಬಜೆ. ಹಂಚಿನ ವಿಷಯದಲ್ಲಿ ನಾನು ಸೋತೆ, ಬನ್ಸಿನ ವಿಷಯದಲ್ಲಿ ನನ್ನನ್ನು ನಂಬಿ. ಹಂಪನಕಟ್ಟೆ ಕಡೆ ನಡೀರಿ, ಐದು ನಿಮಿಷ.

ಪಾಂಡೇಶ್ವರ_ಗೇಟು
ಐದು ಅಲ್ಲ, ಹತ್ತು. ಬ್ಯಾಗ್ ಇದ್ರೆ ಹದಿನೈದು, ಏರು ಉಂಟು.